ಟೀ ಲೋಟದೊಳಗಿನ ಹಲ್ಲು

"ನೀವು ನಕ್ಕರೆ ತುಕ್ಕು ಹಿಡಿದ ಗೇಟು ತೆಗೆದಂಗಿರುತ್ತೆ ಕಣ್ರೀ," ಎಂದಳು ಹೆಂಡತಿ. "ದಿನಕ್ಕೆ ಎಂಟು ಟೀ ಕುಡಿದರೆ ಇನ್ನೇನಾಗುತ್ತೆ?"

ಹಲ್ಲುದುರಿದ ಅರ್ಧ ಊರಿಗೆ ಕೃತಕ ದಂತಪಂಕ್ತಿ ಕರುಣಿಸಿದ ಮಹಾಪುರುಷನಿಗೆ ಇದು ಸಹಿಸುವ ಮಾತೇ?

"ಟೀಗೂ ಹಲ್ಲಿಗೂ ಸಂಬಂಧವೇ ಇಲ್ಲ. ಪ್ರಯೋಗ ಮಾಡಿ ತೋರಿಸ್ತೀನಿ, ನೋಡ್ತಿರು!"

ಅವನ ಹಲ್ಲು ಕಟ್ಟುವ ಅಂಗಡಿಯ ಕಪಾಟಿನಲ್ಲಿ ಒಂದು ಹೊಸ ಹಲ್ಲಿನ ಸೆಟ್ಟು ಅನಾಥವಾಗಿ ಬಿದ್ದಿತ್ತು. ಮಾಡಿಸಿದ ಮುದುಕರು ಅದನ್ನು ಒಮ್ಮೆಯೂ ಬಾಯಿಗಿಡದೆ ತೀರಿಕೊಂಡಿದ್ದರು. (ಈ ಸಂಗತಿ ಮನೆಯಲ್ಲಿ ಹೇಳಲಿಲ್ಲ. ಎಲ್ಲವನ್ನೂ ಹೇಳಿದ ಗಂಡ ಯಾವನಿದ್ದಾನೆ?) ಅದನ್ನು ತಂದು ಗಾಜಿನ ಲೋಟದ ಗಟ್ಟಿ ಟೀಯಲ್ಲಿ ಮುಳುಗಿಸಿ ಅಡುಗೆಮನೆಯ ಕಿಟಕಿಯಲ್ಲಿಟ್ಟ. ಬಾಯಿ ಬಿಗಿಹಿಡಿದಂತೆ ಕೂತ ಆ ಹಲ್ಲುಗಳು ವಾರದೊಳಗೆ ಕಂದು ಬಣ್ಣಕ್ಕೆ ತಿರುಗಿದವು. ದಿನವೂ ಟೀ ಬದಲಿಸುವಾಗ ಅವು ತನ್ನನ್ನೇ ನೋಡುತ್ತಿವೆ ಅನ್ನಿಸುತ್ತಿತ್ತು. ಹಲ್ಲಿಗೆ ಕಣ್ಣಿಲ್ಲವೆಂದು ಎಷ್ಟು ಸಮಾಧಾನ ಹೇಳಿಕೊಂಡರೂ ಮುಖ ತಿರುಗಿಸಿಯೇ ಟೀ ಸುರಿಯುತ್ತಿದ್ದ.

ಭಾನುವಾರ ಮಧ್ಯಾಹ್ನ. ಹೆಂಡತಿ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಬೆಳಿಗ್ಗೆಯಷ್ಟೇ ಬಂದಿಳಿದಿದ್ದ ಅತ್ತೆ ಊಟ ಮುಗಿಸಿ ಒಳಕೋಣೆಯಲ್ಲಿ ಮಲಗಿದ್ದರು. ಮನೆ ಗವ್ವೆನ್ನುತ್ತಿತ್ತು. ಆಗ ಅಡುಗೆಮನೆಯಿಂದ ಕೇಳಿಸಿತು:

ಕಟ್... ಕಟ್... ಕಟಕ್.

ಆಮೇಲೆ ಒಂದು ದೀರ್ಘ ನಿಟ್ಟುಸಿರು.

ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಹೋದ. ಯಾರೂ ಇಲ್ಲ. ಹಿತ್ತಲ ಬಾಗಿಲು ಮಾತ್ರ ತಾನೇ ತಾನಾಗಿ ಅಲ್ಲಾಡುತ್ತಿತ್ತು. ಲೋಟದೊಳಗೆ ಬಗ್ಗಿ ನೋಡಿದ. ಬೆಳಿಗ್ಗೆ ಕಂದಾಗಿದ್ದ ಹಲ್ಲು ಈಗ ಬೆಳ್ಳಗೆ ಹೊಳೆಯುತ್ತಿತ್ತು! ಅಷ್ಟೇ ಅಲ್ಲ, ಬಾಯಿ ತೆರೆದಿತ್ತು.

ಕೈ ಮುಗಿದ. "ಅಜ್ಜಾ, ತಪ್ಪಾಯ್ತು. ನಿಮ್ಮ ಸೊತ್ತು ಮುಟ್ಟಬಾರದಿತ್ತು. ಟೀ ಬೇಡವಾದ್ರೆ... ಕಾಫಿ ಮಾಡಿಕೊಡ್ಲಾ?"

"ಸಕ್ಕರೆ ಜಾಸ್ತಿ ಇರಲಿ," ಅಂದಿತು ಬೆನ್ನ ಹಿಂದಿನ ದನಿ.

ತಿರುಗಿದ. ಹಿತ್ತಲ ಬಾಗಿಲಿನ ಮಬ್ಬಿನಲ್ಲಿ ಎರಡು ಸಾಲು ಕಂದು ಹಲ್ಲು ನಗುತ್ತಿದ್ದವು.

ಅವನ ಕಿರುಚಾಟಕ್ಕೆ ಹೆಂಡತಿ ಮಹಡಿಯಿಂದ ಓಡಿಬಂದಳು. ಅಷ್ಟರಲ್ಲಿ ಹಲ್ಲಿನ ಸುತ್ತ ಅತ್ತೆಯ ಮುಖ ಮೂಡಿತ್ತು.

"ಯಾಕೆ ಅಳಿಯಂದಿರೇ, ಹಂಗೆ ಬೆಚ್ಚಿಬಿದ್ರಿ? ನನಗಂತ ಹೊಸ ಸೆಟ್ಟು ತಂದು ನೆನೆಹಾಕಿದ್ದೀರಿ, ಬಾಯಿಬಿಟ್ಟು ಹೇಳಬಾರದಾ? ನಾನೇ ಹಾಕ್ಕೊಂಡೆ, ನೀವು ಮಾಡಿಕೊಟ್ಟಿದ್ದ ಹಳೇದನ್ನ ಲೋಟಕ್ಕೆ ಬಿಟ್ಟೆ. ಅದು ಒಸಡು ಕಚ್ಚಿ ಪ್ರಾಣ ತೆಗೀತಿತ್ತು. ಇದು ಹುಟ್ಟಿದಾಗಿಂದ ಬಾಯಲ್ಲೇ ಇದ್ದಂಗಿದೆ. ಬಣ್ಣ ಒಂದು ಸ್ವಲ್ಪ ಗಾಢ. ಯಾವ ಪುಣ್ಯಾತ್ಮ ಮಾಡಿದ್ದು?"

"ನಾನೇ!" ಹೆದರಿಕೆಯ ನಡುವೆಯೂ ಎದೆಯುಬ್ಬಿತು.

ಹೆಂಡತಿಯ ಹುಬ್ಬು ಮೇಲೇರಿತು. "ಓಹೋ! ಇಷ್ಟು ಚೆನ್ನಾಗಿ ಮಾಡೋಕೆ ಬರುತ್ತೆ ಅಂತಾಯ್ತು. ಹಂಗಾದ್ರೆ ನಮ್ಮಮ್ಮಂಗೆ ಬೇಕಂತಲೇ ಕಚ್ಚೋದನ್ನ ಕೊಟ್ರಾ? ಇದನ್ನ ಯಾರಿಗೆ ಮಾಡಿದ್ರಿ? ಹೇಳ್ರೀ!"

ಹೇಳುವುದು ಹೇಗೆ? ಮಾತು ತಪ್ಪಿಸಲು ಕೈಗೆ ಸಿಕ್ಕ ಲೋಟ ಎತ್ತಿ ಒಂದೇ ಉಸಿರಿಗೆ ಬಾಯಿಗೆ ಸುರಿದುಕೊಂಡ.

ಅತ್ತೆಯ ಹಳೇ ಹಲ್ಲು ಅಳಿಯನ ತುಟಿಯನ್ನು ಗಟ್ಟಿಯಾಗಿ ಕಚ್ಚಿಕೊಂಡಿತು.