ಹಂಸದ ಕತ್ತು

ಲ್ಯಾಪ್‌ಟಾಪು ಹಾಡಿನ ಡಿಸ್ಕನ್ನು ಓದಿತು. ನಿಘಂಟಿನ ಡಿಸ್ಕನ್ನೂ ಓದಿತು. ನಿವಾಸಿಗಳ ಸಂಘದ ಕಾರ್ಯದರ್ಶಿಗಳು ತಂದ ಡಿಸ್ಕನ್ನು ಮಾತ್ರ ಒಳಗೆಳೆದುಕೊಂಡು, ಗಂಟಲಲ್ಲಿ ಮುಳ್ಳು ಸಿಕ್ಕಿದ ಬೆಕ್ಕಿನ ಹಾಗೆ ಕೆಮ್ಮಿ ಕೆಮ್ಮಿ ಹೊರಗೆ ನೂಕಿತು.

"ಇದೊಂದನ್ನ ಮಾತ್ರ ಓದಲ್ವಂತೆ," ಎಂದರು ಕಾರ್ಯದರ್ಶಿಗಳು. ಹಾಗೆಂದಾಗ ಅವರು ನೋಡಿದ್ದು ಲ್ಯಾಪ್‌ಟಾಪನ್ನಲ್ಲ, ಅದರ ಯಜಮಾನನಾದ ಪ್ರೂಫ್‌ರೀಡರನ ಮುಖವನ್ನು.

ಡಿಸ್ಕಿನಲ್ಲಿದ್ದದ್ದು ಕಟ್ಟಡದ ಮೆಟ್ಟಿಲ ಬುಡದ ಕ್ಯಾಮೆರಾ ಕಂಡ ದೃಶ್ಯ. ಅಲ್ಲಿ ಒಂದು ಪ್ಲಾಸ್ಟರ್ ಹಂಸ ನಿಂತಿತ್ತು. ನಿವೃತ್ತರಾದ ಮೇಲೆ ಕಾರ್ಯದರ್ಶಿಗಳು ಸ್ವಂತ ಕೈಯಿಂದ ಮಾಡಿದ್ದು. ಯಾರೋ ಅದರ ಕತ್ತು ಮುರಿದಿದ್ದರು. ಮೊದಲು ಕಂಡು ಸುದ್ದಿ ಮುಟ್ಟಿಸಿದವನು ಪ್ರೂಫ್‌ರೀಡರನೇ. ಅಚ್ಚಿನ ಮನೆಯಲ್ಲಿ ಬೇರೆಯವರ ತಪ್ಪಿಗೆ ಕೆಂಪು ಗೆರೆ ಎಳೆಯುವುದು ಅವನ ಹೊಟ್ಟೆಪಾಡು. ಮನೆಗೆ ಬಂದಮೇಲೂ ಕೈ ಸುಮ್ಮನಿರುತ್ತಿರಲಿಲ್ಲ. ನಿವಾಸಿಗಳ ಸಭೆಯಲ್ಲಿ ಶಿಕ್ಷೆ ಸೂಚಿಸಿದವನೂ ಅವನೇ: ಮುರಿದವರು ಒಂದು ವರ್ಷ ದಿನಾ ಬೆಳಗಿನ ಜಾವ ಎದ್ದು ನೀರಿನ ಮೋಟರು ಹಾಕಬೇಕು. ಎಲ್ಲರೂ ಕೈ ಎತ್ತಿದ್ದರು.

ಪೆನ್‌ಡ್ರೈವಿನಿಂದ ರೋಗ ಹರಡುತ್ತದೆಂದು ನಂಬಿದ್ದ ಕಾರ್ಯದರ್ಶಿಗಳು ಕ್ಯಾಮೆರಾದವನಿಗೆ ದುಂಬಾಲು ಬಿದ್ದು ದೃಶ್ಯವನ್ನು ಡಿಸ್ಕಿಗೇ ಹಾಕಿಸಿದ್ದರು. ಡಿಸ್ಕು ನುಂಗುವ ಲ್ಯಾಪ್‌ಟಾಪು ಇಡೀ ಕಟ್ಟಡದಲ್ಲಿ ಇದೊಂದೇ. ಪ್ರೂಫ್‌ರೀಡರ ಅದನ್ನು ಹೊಸದಾಗಿ, ಅಂದರೆ ಹಳೆಯದನ್ನು ಹೊಸದಾಗಿ, ಕೊಂಡಿದ್ದ.

"ಸಂಜೆ ಎಲ್ಲರೂ ನಿಮ್ಮ ಮನೆಗೇ ಬರ್ತಾರೆ. ಅಷ್ಟರಲ್ಲಿ ಓದ್ಸಿ. ಇಲ್ಲದಿದ್ರೆ ಜನ ಏನಂದ್ಕೋತಾರೋ ನಾನು ಹೇಳಲಾರೆ," ಎಂದು ಕಾರ್ಯದರ್ಶಿಗಳು ಹೊರಟರು.

"ನಾನು ಹೇಳ್ಲಾ?" ಎಂದಳು ಹೆಂಡತಿ. "ಮುರಿದೋರು ನೀವೇ ಅಂದ್ಕೋತಾರೆ."

"ನಾನು ಹಂಸದ ಹತ್ತಿರಕ್ಕೂ ಹೋಗಿಲ್ಲ ಕಣೇ."

"ನಂಗೊತ್ತು. ಮೋಟರಿಗೆ ಗೊತ್ತಾಗಬೇಕಲ್ಲ."

ಪ್ರೂಫ್‌ರೀಡರ ಕಂಪ್ಯೂಟರ್ ರಿಪೇರಿ ಮಾಡುವ ಭಾವಮೈದುನನಿಗೆ ಫೋನು ಹಚ್ಚಿದ.

"ಭಾವ, ಅಂಗಡಿ ಡಿಸ್ಕು ಓದಿ, ಕೈಯಾರೆ ತುಂಬಿಸಿದ್ದು ಓದಲ್ಲ ಅಂದ್ರೆ ಒಳಗಿನ ಲೆನ್ಸು ಒಂಚೂರು ಓರೆಯಾಗಿರುತ್ತೆ. ಎಲ್ಲಾದ್ರೂ ಗುದ್ದಿತ್ತಾ?"

"ಗುದ್ದೋದಾ? ಎಳೇ ಕೂಸನ್ನ ತಂದ ಹಾಗೆ ತಂದಿದೀನಪ್ಪ."

"ಹಾಗಾದ್ರೆ ಧೂಳು. ಒರೆಸಿ."

ಎದುರು ಮನೆಯ ಹಲ್ಲಿನ ಡಾಕ್ಟರಮ್ಮನಿಗೆ ರಜೆಯ ದಿನ ಕೈ ಕಡಿಯುತ್ತಿತ್ತು. ಕರೆಯದೆ ಬಂದರು, ಪುಟ್ಟ ಕನ್ನಡಿ ಹಿಡಿದು ಲ್ಯಾಪ್‌ಟಾಪಿನ ಡಿಸ್ಕು ಹಾಕುವ ಬಾಯೊಳಗೆ ಇಣುಕಿದರು. "ಇನ್ನೂ ಅಗಲ ತೆಗೀರಿ," ಎಂದರು ರೂಢಿಯಂತೆ. "ಹುಳುಕಿಲ್ಲ. ಡಿಸ್ಕಿಗೇ ಪಾಚಿ ಕಟ್ಟಿರಬೇಕು." ಟೂತ್‌ಪೇಸ್ಟು ಹಚ್ಚಿ ತಿಕ್ಕಿದರು. ಡಿಸ್ಕಿನಿಂದ ಪುದೀನ ವಾಸನೆ ಬಂತು. ಲ್ಯಾಪ್‌ಟಾಪು ಇನ್ನೂ ಜೋರಾಗಿ ಕೆಮ್ಮಿತು.

ಆ ಕೆಮ್ಮು ಕೇಳಿ ಕೆಳಮನೆಯ ದರ್ಜಿ ಹೊಲಿಗೆ ಮೆಷಿನ್ನಿನ ಎಣ್ಣೆ ತಂದ. ಬೇಡ ಬೇಡ ಅನ್ನುವಷ್ಟರಲ್ಲಿ ಒಂದು ಹನಿ ಬಿಟ್ಟೂಬಿಟ್ಟ. ಅಲ್ಲಿಂದಾಚೆಗೆ ಲ್ಯಾಪ್‌ಟಾಪು ಹಾಡನ್ನೂ ಓದಲಿಲ್ಲ.

"ಒಳ್ಳೇದೇ ಆಯ್ತು ಸಾರ್," ಎಂದ ದರ್ಜಿ. "ಯಾವುದನ್ನೂ ಓದಲ್ಲ ಅಂದ್ರೆ ನಿಮ್ಮ ಮೇಲೆ ಅನುಮಾನ ಬರಲ್ಲ."

ಹೇಗಾಯಿತೆಂದು ನೋಡಲು ಬಂದ ಕಾರ್ಯದರ್ಶಿಗಳಿಗೆ ಹಾಗನ್ನಿಸಲಿಲ್ಲ. "ಬೆಳಿಗ್ಗೆ ಹಾಡಾದ್ರೂ ಇತ್ತು. ಸಾಕ್ಷಿ ಒಂದೊಂದಾಗಿ ಕಮ್ಮಿ ಆಗ್ತಿದೆ."

ಸಂಜೆ ನಡುಮನೆ ಜನರಿಂದ ತುಂಬಿತು. ಪ್ರೂಫ್‌ರೀಡರ ಡಿಸ್ಕು ಹಾಕಿದ, ಕೆಮ್ಮು. ತೆಗೆದು ಹಾಕಿದ, ಕೆಮ್ಮು. ಕೊನೆಗೆ ತಾಳ್ಮೆ ಕೆಟ್ಟು ಲ್ಯಾಪ್‌ಟಾಪನ್ನೇ ಎತ್ತಿ ಒಂದು ಪಕ್ಕಕ್ಕೆ ಓರೆಮಾಡಿದ. ಕೆಮ್ಮು ನಿಂತು, ಒಳಗೇನೋ ಸುಯ್ಯೆಂದು ತಿರುಗತೊಡಗಿತು.

"ಅಲ್ಲಾಡಬೇಡಿ. ಹಾಗೇ ಇರಿ," ಎಂದರು ಡಾಕ್ಟರಮ್ಮ.

ಅವನು ಪರದೆಯನ್ನು ಜನರ ಕಡೆ ತಿರುಗಿಸಿ, ಓರೆಯಾಗಿಯೇ ಎದೆಗವಚಿಕೊಂಡು ನಿಂತ. ನೋಡಲು ಎಲ್ಲರೂ ಕತ್ತು ವಾಲಿಸಿದರು. ನಡುಮನೆಯ ತುಂಬ ಮುರಿದ ಹಂಸಗಳು ಕೂತಂತಿತ್ತು. ಪರದೆಯ ಹಿಂದೆ ನಿಂತ ಪ್ರೂಫ್‌ರೀಡರನಿಗೆ ಮಾತ್ರ ಏನೂ ಕಾಣುತ್ತಿರಲಿಲ್ಲ.

"ಬಂದನಾ?" ಎಂದು ಕೇಳಿದ.

"ಬಂದ," ಎಂದ ದರ್ಜಿ. "ಭುಜಕ್ಕೆ ಬ್ಯಾಗು. ಕಿವೀಲಿ ಫೋನು."

"ತಿರುಗಿದ," ಎಂದರು ಡಾಕ್ಟರಮ್ಮ. "ಬ್ಯಾಗು ಬೀಸಿ ಹಂಸಕ್ಕೆ ಬಡೀತು. ಹಿಂತಿರುಗಿ ನೋಡ್ಲೂ ಇಲ್ಲ, ಮೇಲೆ ಹತ್ತಿ ಹೋದ."

ಪ್ರೂಫ್‌ರೀಡರನಿಗೆ ಎದೆಯ ಭಾರ ಇಳಿದಂತಾಯಿತು. "ಎಂಥೆಂಥಾ ಜನ ಇರ್ತಾರೆ ನೋಡಿ. ಇವನಿಗೆ ಒಂದು ವರ್ಷ ಸಾಲದು, ಎರಡು ಮಾಡಿ."

ಎಲ್ಲರ ಕಣ್ಣೂ ಪರದೆಯಿಂದ ಮೇಲೆದ್ದು ಅವನ ಮುಖಕ್ಕೆ ಹೋಯಿತು.

"ರೀ," ಎಂದಳು ಹೆಂಡತಿ, ಕತ್ತು ವಾಲಿಸಿಕೊಂಡೇ. "ಆ ಬ್ಯಾಗಲ್ಲಿದ್ದದ್ದು ಈಗ ನಿಮ್ಮ ಕೈಯಲ್ಲಿದೆ. ಗುದ್ದಿತ್ತಾ ಅಂತ ನನ್ನ ತಮ್ಮ ಆಗಲೇ ಕೇಳಿದ್ದ."

"ಎರಡು ವರ್ಷಕ್ಕೆ ಒಪ್ಪುವವರು," ಎಂದರು ಕಾರ್ಯದರ್ಶಿಗಳು. ಎಲ್ಲರೂ ಕೈ ಎತ್ತಿದರು. ಮೋಟರು ಕೋಣೆಯ ಬೀಗದ ಕೈ ಕಾರ್ಯದರ್ಶಿಗಳ ಜೇಬಿನಿಂದ ಹೊರಬಂತು.

ಅದನ್ನು ತೆಗೆದುಕೊಳ್ಳಲು ಪ್ರೂಫ್‌ರೀಡರ ಲ್ಯಾಪ್‌ಟಾಪನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟ. ಈಗಲಾದರೂ ಕೆಮ್ಮೀತೆಂದು ಕಾದ. ಅದು ಕೆಮ್ಮಲಿಲ್ಲ. ದೃಶ್ಯವನ್ನು ಮೊದಲಿನಿಂದ ಇನ್ನೊಮ್ಮೆ, ಬಹಳ ಸ್ಪಷ್ಟವಾಗಿ ತೋರಿಸತೊಡಗಿತು.