ಸವತಿಯ ಉಡಿ ತುಂಬಿದ್ದು

ಹೊಟ್ಟೆಕಿಚ್ಚಿನ ಹೆಂಗಸಿಗೆ ಉರಿದುಕೊಳ್ಳುವ ಪ್ರಸಂಗಗಳ ಬರ ಎಂದೂ ಬರುವುದಿಲ್ಲ. ಅವಳು ಎಲ್ಲಿ ಹೋಗಿ ಕೂತರೂ ಹುಡುಕಿಕೊಂಡು ಬರುತ್ತವೆ. ನಾನು ಅಂಥವಳು. ಧಾರವಾಡದಲ್ಲಿದ್ದಾಗ ಓಣಿಯ ಹುಡುಗಿಯರ ಇಳಕಲ್ಲ ಸೀರೆ, ಜಡೆ, ಕಡೆಗೆ ಅವರ ಮನೆಯ ಎಮ್ಮೆಯ ಹಾಲು ನೋಡಿಯೂ ಉರಿದುಕೊಳ್ಳುತ್ತಿದ್ದೆ. "ಇಕಿನ್ನ ಅಡವ್ಯಾಗ ಕೊಡಬೇಕು. ಅಲ್ಲಿ ಯಾರ್ನ ನೋಡಿ ಉರೀತಾಳ ನೋಡೂಣು" ಎಂದು ನಮ್ಮವ್ವ ಬೈಯುತ್ತಿದ್ದಳು.

ಅವ್ವನ ಬಾಯಿ ಹುಸಿ ಹೋಗಲಿಲ್ಲ. ಅರವತ್ತರ ದಶಕದ ಮೊದಲಿಗೆ ನನ್ನನ್ನು ಕೊಟ್ಟದ್ದು ಅರಣ್ಯ ಇಲಾಖೆಯ ಗುಮಾಸ್ತರಿಗೆ. ಕಡಿದ ಸಾಗವಾನಿ ದಿಮ್ಮಿಗಳಿಗೆ ನಂಬರು ಹೊಡೆದು ಬರೆದಿಡುವ ಕೆಲಸ. ಹಳಿಯಾಳದ ಆಚೆ ಬಸ್ಸಿನ ದಾರಿ ಮುಗಿದ ಮೇಲೆ ಚಕ್ಕಡಿಯಲ್ಲಿ ಅರ್ಧ ದಿನ ಹೋದರೆ ಒಂದು ಹಲಗೆಯ ಮನೆ, ಮಗ್ಗುಲಲ್ಲಿ ಹಳ್ಳ, ಬೆಳಕಿಗೆ ಒಂದು ಕಂದೀಲು. ಇನ್ನೊಬ್ಬ ಹೆಂಗಸಿನ ಮುಖ ನೋಡಬೇಕಾದರೆ ಆರು ಮೈಲು ನಡೆಯಬೇಕು. ಅಲ್ಲಿದ್ದದ್ದು ನಾವಿಬ್ಬರು, ದಿಮ್ಮಿ ಎಳೆಯುವ ಒಂದು ಆನೆ, ಅದರ ಮಾವುತ.

ಆನೆ ಹೆಣ್ಣು. ಹೆಸರು ಚಂದ್ರಿ. ನನ್ನ ಕರ್ಮ ಶುರುವಾದದ್ದೇ ಅಲ್ಲಿಂದ.

ಸಂಕ್ರಾಂತಿ ಮುಗಿಸಿ ಕರೆದುಕೊಂಡು ಹೋಗುವಾಗ ನಮ್ಮವರು ಒಂದು ಮಾತು ಕೊಟ್ಟಿದ್ದರು. "ಧಾರವಾಡದ ಆಫೀಸಿನ್ಯಾಗ ಒಂದು ಖುರ್ಚಿ ಖಾಲಿ ಐತಿ. ಶಿವರಾತ್ರಿತನಕಾ ತುಂಬಂಗಿಲ್ಲ. ಅಲ್ಲೀತನಕ ಇದ್ದು ನೋಡು. ನಿನಗ ಒಗ್ಗಲಿಲ್ಲಂದ್ರ ವರ್ಗಾ ಕೇಳತೇನಿ." ಅರ್ಜಿಯನ್ನೂ ಬರೆದು ಟ್ರಂಕಿನಲ್ಲಿ ಇಟ್ಟಿದ್ದರು. ಸಹಿ ಒಂದು ಬಾಕಿ. ನಾನು ದಿನಾ ಬೆಳಿಗ್ಗೆ ಟ್ರಂಕು ತೆಗೆದು, ಅದು ಅಲ್ಲೇ ಇದೆಯೇ ಎಂದು ನೋಡಿ ಒಲೆ ಹಚ್ಚುತ್ತಿದ್ದೆ.

ಹನ್ನೆರಡು ರೊಟ್ಟಿ

ನಮ್ಮವರು ದಿನಾ ಬುತ್ತಿಗೆ ಹನ್ನೆರಡು ಜೋಳದ ರೊಟ್ಟಿ ಕಟ್ಟಿಸಿಕೊಳ್ಳುತ್ತಿದ್ದರು. ನನ್ನ ಕೈ ರುಚಿಗೆ ಮರುಳಾಗಿದ್ದಾರೆ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಆದರೆ ಸಂಜೆ ಬಂದವರು ಬರಗಾಲದಿಂದ ಬಂದವರಂತೆ ಉಣ್ಣುತ್ತಿದ್ದರು. ಹನ್ನೆರಡು ರೊಟ್ಟಿ ಎಲ್ಲಿ ಹೋದವು?

ಒಂದು ದಿನ ಶೇಂಗಾ ಚಟ್ನಿ ಮರೆತು ಹೋದರು. ಕೊಟ್ಟು ಬರೋಣ ಎಂದು ಹಿಂದೆಯೇ ಹೋದೆ. ನೋಡಿದರೆ ಆ ಚಂದ್ರಿ ಬಾಯಿ ಅಗಲಿಸಿ ನಿಂತಿದ್ದಾಳೆ, ನಮ್ಮವರು ರೊಟ್ಟಿಗೆ ಬೆಣ್ಣೆ ಸವರಿ ಸವರಿ ಒಂದೊಂದೇ ಇಡುತ್ತಿದ್ದಾರೆ!

"ನಿನ್ನ ರೊಟ್ಟಿ ಅಂದ್ರ ಅಕಿಗೆ ಜೀವ" ಎಂದರು, ನಾಚಿಕೆಯಿಲ್ಲದೆ.

"ಮತ್ತ ನಿಮಗ?"

"ನನಗೂ ಛಲೋ ಅನಸ್ತಾವ. ಆದ್ರ ಅಕಿ ಕಣ್ಣ ಮುಚ್ಚಿಕೊಂಡು ತಿಂತಾಳ ನೋಡು."

ಮರುದಿನ ಒಂದು ರೊಟ್ಟಿಯೊಳಗೆ ಕೆಂಪು ಖಾರ ಗಟ್ಟಿಯಾಗಿ ಮೆತ್ತಿ, ಎಲ್ಲಕ್ಕಿಂತ ಮೇಲೆ ಇಟ್ಟು ಕಟ್ಟಿಕೊಟ್ಟೆ. ಮೇಲಿನದು ಮೊದಲು ಅವಳಿಗೇ ಹೋಗುತ್ತದೆ ಎಂದು ನನ್ನ ಲೆಕ್ಕ. ಆ ದಿನವೇ ಇವರಿಗೆ ಹಸಿವೆ ಜಾಸ್ತಿಯಾಗಿ ಮೇಲಿನದನ್ನು ತಾವೇ ತಿಂದರು. ಬಾಯಿ ಬಾಯಿ ಬಡಿದುಕೊಂಡು ಕುಣಿಯುವಾಗ ಹಳ್ಳದಿಂದ ಸೊಂಡಿಲ ತುಂಬ ನೀರು ತಂದು ತಲೆಯ ಮೇಲೆ ಸುರಿದವಳು ಚಂದ್ರಿ.

"ಹೊತ್ತಿಗೆ ಆಗಾಕಿ ಅಂದ್ರ ಅಕಿ ನೋಡು" ಎಂದು ಮೂರು ದಿನ ಹೊಗಳಿದರು. ಖಾರ ಅರೆದ ನನ್ನ ಕೈ ಉರಿ ಯಾರೂ ಕೇಳಲಿಲ್ಲ.

ಕೊಬ್ಬರಿ ಎಣ್ಣೆ

ಆ ಅಡವಿಯ ಚಳಿ ಧಾರವಾಡದ ಚಳಿಯಲ್ಲ. ನನ್ನ ಹಿಮ್ಮಡಿ ಬಿರಿದು ರಕ್ತ ಬರತೊಡಗಿತು. ಅವ್ವನಿಗೆ ಬರೆದೆ. ವಾರಕ್ಕೊಮ್ಮೆ ಜೋಳ, ಬೇಳೆ, ಟಪಾಲು ತರುವ ಚಕ್ಕಡಿಯಲ್ಲಿ ಅವಳು ಒಂದು ಬಾಟಲಿ ಕೊಬ್ಬರಿ ಎಣ್ಣೆ ಕಳಿಸಿದಳು. ಮೂರು ದಿನಕ್ಕೆ ಬಾಟಲಿ ಖಾಲಿ. ನಾನು ಹಚ್ಚಿದ್ದು ಎರಡು ಬೆರಳು.

ಹೊರಗೆ ಬಂದು ನೋಡಿದೆ. ಚಂದ್ರಿಯ ಹಣೆ ತೊಳೆದಿಟ್ಟ ತಾಮ್ರದ ಹಂಡೆಯ ಹಾಗೆ ಮಿಂಚುತ್ತಿತ್ತು.

"ಚಳಿಗೆ ಅಕಿ ಹಣಿ ಬಿರೀತೈತಿ" ಎಂದರು ನಮ್ಮವರು.

"ನನ್ನ ಹಿಮ್ಮಡಿ?"

"ಅಕಿ ಹಣಿಲೆ ದಿಮ್ಮಿ ದಬ್ಬತಾಳ. ನೀ ಹಿಮ್ಮಡಿಲೆ ಏನ್ ಮಾಡತಿ?"

"ಇವಽ ಹಿಮ್ಮಡಿಲೆ ಧಾರವಾಡಕ್ಕ ನಡಕೊಂಡು ಹೋಗಾಕಿ ಅದೇನಿ" ಎಂದೆ.

ಹೆದರಿದರು ಅಂತ ಕಾಣುತ್ತದೆ. ಮರುದಿನ ಒಂದು ಬಟ್ಟಲು ಎಣ್ಣೆ ತಂದು ಮುಂದಿಟ್ಟರು. ಮಾವುತನ ಹತ್ತಿರ ಇಸಕೊಂಡದ್ದು, ಬೇವಿನೆಣ್ಣೆ ಕೂಡಿಸಿ ಆನೆಯ ಉಗುರಿಗೆಂದೇ ಕಾಸಿದ್ದು. ವಾಸನೆಗೆ ಮೂಗು ಮುಚ್ಚಿಕೊಂಡು ಹಚ್ಚಿದೆ. ಎರಡೇ ದಿನಕ್ಕೆ ಹಿಮ್ಮಡಿ ಕೂಡಿದವು. ಸವತಿಯ ಔಷಧಕ್ಕೆ ನನ್ನ ಕಾಲು ವಾಸಿಯಾದದ್ದಕ್ಕೆ ಒಂದು ವಾರ ಮತ್ತೆ ಉರಿದುಕೊಂಡೆ.

ಅವರ ಸರದಿ

ಚಕ್ಕಡಿ ಹೊಡೆಯುವವನು ಸುಳ್ಳ ಎಂಬ ಊರಿನ ಕಡೆಯ ಮುದುಕ. ತಿಂಗಳಿಗೊಮ್ಮೆ ಧಾರವಾಡಕ್ಕೂ ಹೋಗಿ ಬರುವವ. ಅವನು ಬಂದರೆ ನನಗೆ ಹಬ್ಬ. ಕಟ್ಟೆಯ ಮೇಲೆ ಕೂಡಿಸಿ, ಚಹಾ ಕೊಟ್ಟು, ನಮ್ಮ ಓಣಿಯ ಸುದ್ದಿ ಎಲ್ಲಾ ಕೇಳುತ್ತಿದ್ದೆ. ಒಂದು ದಿನ ಯಾವುದೋ ಮಾತಿಗೆ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಮ್ಮವರು ಬಾಗಿಲ ಮುಂದಿನ ಒಂದೇ ದಿಮ್ಮಿಯನ್ನು ನಾಲ್ಕು ಸಲ ಅಳತೆ ಮಾಡಿದರು.

ಅವನು ಹೋದ ಮೇಲೆ ಕೇಳಿದರು, "ಅಷ್ಟ ನಗೂವಂಥಾದ್ದು ಏನಿತ್ತು?"

"ಏನಿಲ್ರಿ, ನಮ್ಮ ಓಣಿ ನಳಕ್ಕ ನೀರು ಬಂದೈತಂತ."

"ನೀರು ಬಂದ್ರ ನಗತಾರೇನು?"

"ಅಯ್ಯ, ಆ ಮುದುಕನ ಬಾಯಾಗ ಒಂದ ಹಲ್ಲಿಲ್ಲ, ಅವನ ಮ್ಯಾಲೆ ಸಂಶೇ ಪಡತೀರೇನು?"

"ನಗಾಕ ಹಲ್ಲ ಯಾಕ ಬೇಕು?" ಎಂದು ಮುಖ ತಿರುಗಿಸಿಕೊಂಡು ಹೋದರು.

ಖರೇ ಹೇಳುತ್ತೇನೆ, ಆ ಅಡವಿಯಲ್ಲಿ ನನಗೆ ಊಟ ರುಚಿ ಹತ್ತಿದ್ದು ಅವತ್ತೇ.

ಬಾಯಿಲ್ಲದಾಕಿ

ನನಗೆ ಜ್ವರ ಬಂತು. "ಮೆಣಸಿನ ಕಷಾಯ ಮಾಡಿಕೊಂಡು ಕುಡಿ" ಎಂದು ಕೆಲಸಕ್ಕೆ ಹೋದರು. ಮರುವಾರ ಚಂದ್ರಿ ಒಂದು ಹೊತ್ತು ಸೊಪ್ಪು ಬಿಟ್ಟಳು. ಅಷ್ಟಕ್ಕೇ ಇವರೂ ಊಟ ಬಿಟ್ಟರು. ನಾನು ನೀರು ಕಾಸುವ ಹಂಡೆಯಲ್ಲಿ ಶುಂಠಿ, ಅಜವಾನ, ಬೆಲ್ಲ ಹಾಕಿ ತಾವೇ ಕುದಿಸಿ, ಉರುಬಿ ಉರುಬಿ ಆರಿಸಿ ಕುಡಿಸಿದರು.

ನನಗೆ ತಡೆಯಲಿಲ್ಲ. "ನಾವಿಬ್ರೂ ಒಮ್ಮೆಲೆ ಹಾಸಿಗಿ ಹಿಡದ್ರ ಯಾರ ಹಂತ್ಯಾಕ ಕುಂಡ್ರತೀರಿ?"

ಯೋಚನೆ ಮಾಡಿದರು. ಯೋಚನೆ ಮಾಡಿದರಲ್ಲ, ಅದೇ ನನ್ನ ಹೊಟ್ಟೆ ಸುಟ್ಟದ್ದು! ಆಮೇಲೆ, "ನೀ ಬಾಯಿಬಿಟ್ಟು ಹೇಳತಿ. ಅಕಿ ಬಾಯಿಲ್ಲದಾಕಿ" ಎಂದರು.

"ನಾಳಿಂದ ನಾನೂ ಬಾಯಿ ಬಿಡಂಗಿಲ್ಲ" ಎಂದೆ. ಮರುದಿನ ಬೆಳಿಗ್ಗೆಯಿಂದ ಸಂಜೆಯತನಕ ಒಂದು ಅಕ್ಷರ ಆಡಲಿಲ್ಲ. ಈಗ ಬಂದು ಕಾಲಿಗೆ ಬೀಳುತ್ತಾರೆ, ಆಗ ಬಂದು ಬೀಳುತ್ತಾರೆ ಎಂದು ಕಾದೆ. ಸಂಜೆಗೆ ಮಾವುತ ಬಂದ.

"ಅಕ್ಕಾರ, ಸಾಹೇಬ್ರು ಇವತ್ತ ಭಾಳ ಖುಷಿ ಅದಾರ ನೋಡ್ರಿ. ಅಡವಿ ಎಷ್ಟ ಶಾಂತ ಐತಿ ಅಂತ ಹಾಡಾ ಹಾಡಾಕತ್ತಾರ."

ಉಡಿ

ಭಾರತ ಹುಣ್ಣಿಮೆ ಬಂತು. ಶಿವರಾತ್ರಿಗೆ ಇನ್ನು ಎರಡು ವಾರವೂ ಇಲ್ಲ. ಹಿಂದಿನ ದಿನ ನಾನು ಗಟ್ಟಿ ಮನಸ್ಸು ಮಾಡಿ ಹೇಳಿಬಿಟ್ಟೆ: "ನನಗ ಒಗ್ಗಲಿಲ್ರಿ. ಅಕಿ ಇರಬೇಕು, ಇಲ್ಲಾ ನಾ ಇರಬೇಕು."

ನಮ್ಮವರು ಜಗಳ ಆಡಲಿಲ್ಲ. ಟ್ರಂಕಿನಿಂದ ಅರ್ಜಿ ತೆಗೆದು, ಸಹಿ ಮಾಡಿ, ನನ್ನ ಕೈಗೇ ಕೊಟ್ಟರು. "ನಾಳೆ ಚಕ್ಕಡಿ ಬರತೈತಿ, ಟಪಾಲಿನ್ಯಾಗ ಹಾಕಿಬಿಡು. ಇದು ತಪ್ಪಿದ್ರ ಆ ಖುರ್ಚಿ ಸಿಗಂಗಿಲ್ಲ."

ನಾನು ಗೆದ್ದೆ! ಗೆದ್ದವರಿಗೆ ದೊಡ್ಡ ಮನಸ್ಸು ಬರುತ್ತದೆ. ಮದುವೆಯಾದ ಮೊದಲ ವರ್ಷ ಈ ಹುಣ್ಣಿಮೆಗೆ ಒಬ್ಬ ಮುತ್ತೈದೆಗೆ ತಪ್ಪದೆ ಉಡಿ ತುಂಬಬೇಕು, ಗಂಡನ ಆಯುಷ್ಯಕ್ಕೆ ಒಳ್ಳೆಯದು ಎಂದು ಅವ್ವ ಬರೆದಿದ್ದಳು. ಅಕ್ಕಿ, ಕಾಯಿ, ಜಂಪರಿನ ಖಣ ಎಲ್ಲಾ ಕಳಿಸಿದ್ದಳು. ಆದರೆ ಆರು ಮೈಲಿನೊಳಗೆ ಮುತ್ತೈದೆ ಎಲ್ಲಿಂದ ತರಲಿ? ಮಾವುತನನ್ನು ಕರೆದೆ.

"ನಿಮ್ಮ ಚಂದ್ರಿ ಮುತ್ತೈದಿ ಹೌದೇನು?"

ಅವನು ತಲೆ ಕೆರೆದುಕೊಂಡ. "ಗಂಡ ಅಡವ್ಯಾಗ ಇರತಾನ್ರಿ ಅಕ್ಕಾರ. ಯಾವಾಗರೆ ಒಮ್ಮೆ ಬಂದು ಹೋಗ್ತಾನ."

"ಬದುಕ್ಯಾನಲ್ಲ?"

"ಬದುಕದ ಏನ್ರಿ! ಹ್ವಾದ ವಾರ ನಮ್ಮ ಬಾಳಿ ಗಿಡಾ ಮುರದಾವ ಅವನಽ."

ಅಲ್ಲಿಗೆ ಮುತ್ತೈದೆ ಎಂದಾಯಿತು. ಹೋಗುವ ಮುಂದೆ ಸವತಿಗೊಂದು ಉಡಿ ತುಂಬಿ ಋಣ ಹರಿದುಕೊಳ್ಳೋಣ ಎಂದು ತಾಟು ಹಿಡಿದು ಹೊರಗೆ ಬಂದೆ. ಮನೆಯ ಮಗ್ಗುಲಲ್ಲಿ ನಮ್ಮವರು ಚಂದ್ರಿಯ ಸೊಂಡಿಲಿಗೆ ಹಣೆ ಹಚ್ಚಿ ನಿಂತಿದ್ದರು. ನನ್ನನ್ನು ನೋಡಲಿಲ್ಲ.

"ಇನ್ನ ರೊಟ್ಟಿ ಕೇಳಬ್ಯಾಡವಾ" ಎನ್ನುತ್ತಿದ್ದರು. "ನಮ್ಮಾಕಿ ಮಾಡಿದಂಥಾ ರೊಟ್ಟಿ ಈ ಸೀಮ್ಯಾಗ ಯಾರೂ ಮಾಡಂಗಿಲ್ಲ." ಕಣ್ಣಲ್ಲಿ ನೀರು.

ನನ್ನ ರೊಟ್ಟಿಯ ಹೊಗಳಿಕೆ, ನನ್ನ ಮುಂದೆ ಒಂದು ದಿನವೂ ಇಷ್ಟು ಬಾಯಿತುಂಬ ಆಡದ್ದು, ಅವಳ ಕಿವಿಗೆ! ನಾನು ಜ್ವರದಲ್ಲಿ ಮಲಗಿದಾಗ ಬಾರದ ಕಣ್ಣೀರು, ಅವಳಿಗೆ! ತಾಟು ಹಿಡಿದುಕೊಂಡೇ ಒಳಗೆ ಬಂದು ಕೂತೆ. ಕೂತಲ್ಲಿ ಒಂದು ವಿಚಾರ ಹೊಳೆಯಿತು. ಧಾರವಾಡಕ್ಕೆ ಹೋದರೆ ಈ ಮನುಷ್ಯ ಖುರ್ಚಿಯ ಮೇಲೆ ಕೂತು ಜನ್ಮಪೂರ್ತಿ ಅವಳನ್ನೇ ನೆನೆಸುತ್ತಾನೆ. ನಾನು ತಟ್ಟಿದ ಪ್ರತಿಯೊಂದು ರೊಟ್ಟಿಗೂ ಅವಳು ಇವರ ಮನಸ್ಸಿನಲ್ಲಿ ಬಂದು ಕಣ್ಣು ಮುಚ್ಚಿಕೊಂಡು ನಿಲ್ಲುತ್ತಾಳೆ. ಕಣ್ಣ ಮುಂದಿನ ಸವತಿಯನ್ನು ಕಾಯಬಹುದು. ಮನಸ್ಸಿನೊಳಗೆ ಹೊಕ್ಕವಳನ್ನು ಯಾವ ಕೋಲಿನಿಂದ ಹೊಡೆದೋಡಿಸುವುದು?

ತಾಟಿನಲ್ಲಿ ಬೆಲ್ಲದ ದೊಡ್ಡ ಹೆಂಟೆ ಇತ್ತು. ಅರ್ಜಿಯಲ್ಲಿ ಅದನ್ನು ಚಂದವಾಗಿ ಸುತ್ತಿ, ಪೊಟ್ಟಣ ಕಟ್ಟಿದೆ. ಮತ್ತೆ ಹೊರಗೆ ಬಂದೆ.

ಮಾವುತ ಚಂದ್ರಿಯನ್ನು ಕೂಡಿಸಿದ. ಹಣೆಗೆ ಅರಿಷಿಣ-ಕುಂಕುಮ ಹಚ್ಚಿದೆ. ಹಣೆಯ ಅಗಲಕ್ಕೆ ನನ್ನ ಒಂದು ವರ್ಷದ ಕುಂಕುಮ ಮುಗಿಯಿತು. ತಲೆಯ ಮೇಲೆ ಖಣ ಹಾಕಿದೆ. ಸೆರಗಿಲ್ಲದವಳು, ಅದಕ್ಕೆ ಸೊಂಡಿಲಿಗೇ ಉಡಿ ತುಂಬಿದೆ. ಅಕ್ಕಿಯನ್ನು ನನ್ನ ಮೇಲೆಯೇ ಊದಿ ಅಕ್ಷತೆ ಹಾಕಿದಳು. ಕಾಯಿಯನ್ನು ಪುಟಾಣಿ ಕಡಿದಂತೆ ಕಡಿದಳು. ಕಾಲು ಮುಟ್ಟಿ ನಮಸ್ಕಾರ ಮಾಡಬೇಕು. ನಾಲ್ಕಿದ್ದವು, ಎರಡಕ್ಕೇ ಮುಗಿಸಿದೆ. ನಮ್ಮವರು ಕಣ್ಣೊರೆಸಿಕೊಂಡು ನಗುತ್ತ ನೋಡುತ್ತಿದ್ದರು.

ಕಡೆಗೆ ಪೊಟ್ಟಣ ಕೊಟ್ಟೆ. ಅದು ಬಾಯಿಗೆ ಹೋಗುವಾಗ ಮಡಿಕೆಯ ಮೇಲೆ ತಮ್ಮದೇ ಸಹಿ ಕಂಡು ನಮ್ಮವರು ಹೌಹಾರಿದರು.

"ಏ! ಏ! ಅದು ಅರ್ಜಿ! ತಗಿಯೋ, ಬಾಯಾಗಿಂದ ತಗಿ!" ಎಂದು ಮಾವುತನನ್ನು ಕೂಗುತ್ತ ಓಡಿ ಬಂದರು. ಚಂದ್ರಿ ಕಣ್ಣು ಮುಚ್ಚಿಕೊಂಡು ಅಗಿಯುತ್ತಿದ್ದಳು.

ನಾನು ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಅಡ್ಡ ನಿಂತೆ.

"ಏನ್ರಿ, ರೀತಿ-ರಿವಾಜು ಏನರೆ ಗೊತ್ತೈತಿಲ್ಲೋ ನಿಮಗ? ಮುತ್ತೈದಿಗೆ ಉಡಿ ತುಂಬಿದ್ದನ್ನ ಯಾರರೆ ವಾಪಸ್ ಇಸ್ಕೋತಾರೇನು?"