ತಲೆಗೆ ಮೂರು ಪತನ

ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ನಗರ ಹಿಮ ಜಾರಾಟ ಅಂಗಣದ ಆಡಳಿತ ಮಂಡಳಿಯ ಅಧ್ಯಕ್ಷರು ಬಿದ್ದರು. ಅದಕ್ಕೆ ಮೊದಲು ಅಲ್ಲಿ ಯಾರೂ ಬಿದ್ದಿರಲಿಲ್ಲವೆಂದಲ್ಲ. ಇಪ್ಪತ್ತೆರಡು ವರ್ಷಗಳಿಂದ ಊರಿನ ಜನ ಹೆಚ್ಚುಕಡಿಮೆ ಬೀಳಲೆಂದೇ ಅಲ್ಲಿಗೆ ಹೋಗುತ್ತಿದ್ದರು. ಆದರೆ ಬೀಳುವುದು ಒಂದು ಸಮಸ್ಯೆಯೆಂಬುದು ಮಂಡಳಿಯ ಗಮನಕ್ಕೆ ಬಂದದ್ದು ಆ ದಿನ. ಹೊಸ ದೀಪಗಳನ್ನು ಉದ್ಘಾಟಿಸಲು ಅಧ್ಯಕ್ಷರು ಮಂಜುಗಡ್ಡೆಯ ಮೇಲೆ ನಾಲ್ಕು ಹೆಜ್ಜೆ ಇಟ್ಟಿದ್ದರು. ಐದನೆಯದನ್ನು ಅವರು ಇಡಲಿಲ್ಲ.

ಬುಧವಾರ ತುರ್ತು ಸಭೆ ನಡೆಯಿತು. ಅಂಗಣದಲ್ಲಿ ದಿನಕ್ಕೆ ಸರಾಸರಿ ಒಂದು ಸಾವಿರದ ನೂರು ಪತನಗಳು ಸಂಭವಿಸುತ್ತಿದ್ದು, ಅವುಗಳಲ್ಲಿ ಒಂದಕ್ಕೂ ಪೂರ್ವಾನುಮತಿ ಪಡೆದಿರುವುದಿಲ್ಲವೆಂದು ತಜ್ಞರು ವರದಿ ಕೊಟ್ಟರು. ಶುಕ್ರವಾರ ಟಿಕೆಟ್ ಕಿಟಕಿಯ ಪಕ್ಕದಲ್ಲಿ ಪ್ರಕಟಣೆ ಅಂಟಿಸಲಾಯಿತು:

"ಸಾರ್ವಜನಿಕರ ಗಮನಕ್ಕೆ. ಇನ್ನು ಮುಂದೆ ಒಂದು ಟಿಕೆಟಿಗೆ ಮೂರು ಪತನಗಳು ಮಾತ್ರ. ಪಾದವನ್ನು ಬಿಟ್ಟು ದೇಹದ ಬೇರಾವ ಭಾಗ ಮಂಜುಗಡ್ಡೆಯನ್ನು ಮುಟ್ಟಿದರೂ ಅದನ್ನು ಪತನವೆಂದು ಪರಿಗಣಿಸಲಾಗುವುದು. ಒಂದೇ ಮೊಣಕಾಲಾದರೆ ಅರ್ಧ ಪತನ. ಬೀಳುವವರು ಮತ್ತೊಬ್ಬರನ್ನು ಹಿಡಿದೆಳೆದರೆ ಎರಡೂ ಪತನಗಳು ಎಳೆದವರಿಗೇ ಸೇರತಕ್ಕದ್ದು. ಮೂರು ಮುಗಿದವರು ಕೂಡಲೇ ಹೊರಬರತಕ್ಕದ್ದು. ಬಳಸದೆ ಉಳಿದ ಪತನಗಳನ್ನು ನಾಲ್ಕನೇ ಕಿಟಕಿಯಲ್ಲಿ ಬೇರೆಯವರ ಹೆಸರಿಗೆ ವರ್ಗಾಯಿಸಬಹುದು."

ಜನ ಅದನ್ನು ಓದಿದರು, ತಲೆಯಾಡಿಸಿದರು, ಟಿಕೆಟ್ ಕೊಂಡರು. ಎರಡು ವಾರದೊಳಗೆ ಊರಿನ ಮಾತೇ ಬದಲಾಯಿತು. ಅಂಗಣದಿಂದ ಮನೆಗೆ ಹೋಗುವವರನ್ನು ದಾರಿಯಲ್ಲಿ ಕಂಡ ಪರಿಚಯದವರು "ಎಷ್ಟು ಉಳೀತು?" ಎಂದು ವಿಚಾರಿಸುತ್ತಿದ್ದರು.

ಅದೇ ಊರಿನಲ್ಲಿ ಗಡಿಯಾರ ರಿಪೇರಿ ಮಾಡುವವರೊಬ್ಬರಿದ್ದರು. ಎಲ್ಲರೂ ಅವರನ್ನು ಗಡಿಯಾರದವರು ಎಂದೇ ಕರೆಯುತ್ತಿದ್ದರು. ಅವರ ಹೆಂಡತಿ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳಿಗೆ ಹತ್ತು, ಚಿಕ್ಕವಳಿಗೆ ಏಳು. ಜಾರಾಟದಲ್ಲಿ ತಾಯಿಯದು ಎತ್ತಿದ ಕೈ. ದೊಡ್ಡವಳಿಗೆ ಆಕೆಯೇ ಕಲಿಸಿದ್ದಳು. ಚಿಕ್ಕವಳಿಗೆ "ಮುಂದಿನ ವರ್ಷ" ಎಂದಿದ್ದಳು. ಮುಂದಿನ ವರ್ಷ ಬಂತು. ಹುಟ್ಟುಹಬ್ಬಕ್ಕೆ ಏನು ಬೇಕೆಂದು ತಂದೆ ಕೇಳಿದಾಗ ಚಿಕ್ಕವಳು, "ಐಸ್ ರಿಂಕಲ್ಲಿ ಗೋಡೆ ಬಿಟ್ಟು ಜಾರೋದು ಕಲಿಸು" ಎಂದಳು. ಗಡಿಯಾರದವರು ಸೆಕೆಂಡಿನ ಮುಳ್ಳಿಗೂ ಎರಡು ಸಲ ಯೋಚಿಸಿ ಕೈ ಹಾಕುವವರು. ಅಂದು ಮಾತ್ರ ಯೋಚಿಸದೆ "ಆಯ್ತು" ಎಂದುಬಿಟ್ಟರು.

ಮೊದಲ ಭಾನುವಾರ ಚಿಕ್ಕವಳ ಮೂರು ಪತನಗಳು ಏಳು ನಿಮಿಷದಲ್ಲಿ ಮುಗಿದವು. ಎರಡನೆಯ ಭಾನುವಾರ ಆರೂವರೆ ನಿಮಿಷ. ಮೂರನೆಯ ಭಾನುವಾರ ಅವಳು ಬೀಳಬಾರದೆಂದು ಗೋಡೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಒಂದು ಗಂಟೆ ಅಲ್ಲಾಡದೆ ನಿಂತಿದ್ದಳು. ಎಣಿಕೆ ಅಧಿಕಾರಿ ಅದನ್ನು ಮಾದರಿ ವರ್ತನೆಯೆಂದು ಧ್ವನಿವರ್ಧಕದಲ್ಲಿ ಶ್ಲಾಘಿಸಿದರು. ನಾಲ್ಕನೆಯ ಭಾನುವಾರವೇ ಕೊನೆಯದು. ಸೋಮವಾರದಿಂದ ಮಂಜನ್ನು ಕರಗಿಸಿ ಐದು ತಿಂಗಳು ಅಲ್ಲಿ ಪೀಠೋಪಕರಣಗಳ ಮೇಳ ನಡೆಸುವುದು ವಾಡಿಕೆ.

ಆ ದಿನ ಮಕ್ಕಳ ಅಜ್ಜಿ, ಅಂದರೆ ಗಡಿಯಾರದವರ ಅತ್ತೆಯೂ ಹೊರಟರು. ಟಿಕೆಟ್ ಬೇಡವೆಂದರೂ ಕೇಳದೆ ಕೊಂಡರು.

ಬಾಗಿಲಲ್ಲೇ ಉಣ್ಣೆ ಟೋಪಿಯವನೊಬ್ಬ ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ಪತನ ಬೇಕಾ ಸಾರ್? ಹೊಸಾದು. ಒಂದೂ ಬಳಸಿಲ್ಲ."

"ಯಾರದ್ದಪ್ಪ ಅದು?" ಎಂದರು ಅಜ್ಜಿ.

"ಮಂಡಳಿ ಸದಸ್ಯರದ್ದು ಅಮ್ಮ. ಅವರಿಗೆ ತಲೆಗೆ ತಿಂಗಳಿಗೆ ನೂರು ಕೊಟ್ಟಿದಾರೆ. ಪಾಪ, ಬೀಳೋಕೆ ಪುರುಸೊತ್ತೆಲ್ಲಿ ಅವರಿಗೆ."

"ನಮಗೆಲ್ಲ ಮೂರು, ಅವರಿಗೆ ನೂರಾ?"

"ಅವರು ಮೇಲಿದಾರಲ್ಲಮ್ಮ. ಮೇಲಿಂದ ಬೀಳೋರಿಗೆ ಜಾಸ್ತಿ ಬೇಕು."

ಈ ವಿವರಣೆಯಲ್ಲಿ ಅಜ್ಜಿಗೆ ತಪ್ಪೇನೂ ಕಾಣಲಿಲ್ಲ. ಆದರೆ ಗಡಿಯಾರದವರು ಕದ್ದ ಬಿಡಿಭಾಗವನ್ನು ಎಂದೂ ಅಂಗಡಿಯೊಳಗೆ ಬಿಟ್ಟುಕೊಂಡವರಲ್ಲ. ಬೇಡವೆಂದು ಮುಂದೆ ನಡೆದರು.

ಮೂರು ಗಂಟೆಗೆ ಮಕ್ಕಳು ಬ್ಲೇಡಿನ ಬೂಟು ಕಟ್ಟಿಕೊಂಡು ಇಳಿದರು. ಎಣಿಕೆ ಅಧಿಕಾರಿ ಎತ್ತರದ ಕುರ್ಚಿಯಲ್ಲಿ ದುರ್ಬೀನು, ಸೀಟಿ ಮತ್ತು ಮೈಕಿನೊಂದಿಗೆ ಕುಳಿತಿದ್ದರು. ಹಸಿರು ಟೋಪಿ ಹಾಕಿಕೊಂಡಿದ್ದ ಚಿಕ್ಕವಳು ಗೋಡೆ ಹಿಡಿದು ಎರಡು ಹೆಜ್ಜೆ ಹೋಗಿ ಬಿದ್ದಳು. ಎದ್ದಳು, ಬಿದ್ದಳು. ಅಕ್ಕ ಅವಳ ಪಕ್ಕದಲ್ಲೇ ಸರ್ರನೆ ಹಾದುಹೋಗುತ್ತಾ, "ನೋಡ್ಕೊಂಡು ಬೀಳೇ. ಒಂದೊಂದೇ ಮಂಡಿ ಊರಿದ್ರೆ ಆರು ಸಲ ಬೀಳಬಹುದು" ಎಂದು ಬುದ್ಧಿ ಹೇಳಿದಳು. ಚಿಕ್ಕವಳು ಒಂದೇ ಮಂಡಿ ಊರಲು ಹೋಗಿ ಪೂರ್ತಿ ಬಿದ್ದಳು. ಸೀಟಿ ಮೊಳಗಿತು.

"ಹಸಿರು ಟೋಪಿ, ಮೂರು ಮುಗಿಯಿತು. ಸಹಕಾರಕ್ಕೆ ಧನ್ಯವಾದಗಳು."

ನಾಲ್ಕು ನಿಮಿಷವಾಗಿತ್ತು. ಚಿಕ್ಕವಳು ಅಳಲಿಲ್ಲ. ಬೆಂಚಿನ ಮೇಲೆ ಕುಳಿತು ಕೈಗವಸಿನ ಮಂಜನ್ನು ಒಂದೊಂದೇ ಚೂರಾಗಿ ಕಿತ್ತಳು. ಅದನ್ನು ನೋಡಲಾಗದೆ ಅಜ್ಜಿ ಎದ್ದರು.

"ಬನ್ನಿ, ನನ್ನ ಮೂರನ್ನೂ ಇವಳ ಹೆಸರಿಗೆ ಬರೆಸೋಣ."

ನಾಲ್ಕನೇ ಕಿಟಕಿಯಲ್ಲಿ ಕನ್ನಡಕದ ಮಹಿಳೆಯೊಬ್ಬರು ಕೂತಿದ್ದರು. ಅಜ್ಜಿ ಟಿಕೆಟನ್ನು ಮುಂದಿಟ್ಟರು. "ಇದರಲ್ಲಿರೋದನ್ನೆಲ್ಲ ಮೊಮ್ಮಗಳಿಗೆ ಕೊಟ್ಬಿಡು ತಾಯಿ. ಈ ವಯಸ್ಸಲ್ಲಿ ನನಗೆ ಮೂರ್ಯಾಕೆ? ಒಂದು ಬಿದ್ರೆ ಎರಡನೇದು ಬೇಕಾಗಲ್ಲ."

"ಸಂಬಂಧ?"

"ಮಗಳ ಮಗಳು."

"ಹಾಗಾದ್ರೆ ನಡುವೆ ನಿಮ್ಮ ಮಗಳು ಬರ್ತಾರೆ. ಅವರ ಒಪ್ಪಿಗೆ ಬೇಕು. ಇಲ್ಲಿಗೆ ಕರೀರಿ."

"ಅವಳಿಲ್ಲಮ್ಮ."

"ಯಾವಾಗ ಬರ್ತಾರೆ?"

ಗಡಿಯಾರದವರು ಮೆಲ್ಲಗೆ, "ತೀರಿಕೊಂಡಿದಾರೆ" ಎಂದರು.

ಕಿಟಕಿಯ ಮಹಿಳೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅವರ ಹೆಸರಲ್ಲಿ ವಾರ್ಷಿಕ ಕಾರ್ಡ್ ಏನಾದ್ರೂ ಇತ್ತಾ?"

"ಇತ್ತು."

"ಹಾಗಿದ್ರೆ ಅಜ್ಜಿದು ಯಾಕೆ ಬೇಕು? ಅವರದ್ದೇ ಇರುತ್ತಲ್ಲ."

ಮೂರು ಪತನಗಳ ನಿಯಮವನ್ನು ಮಂಡಳಿಯು ಹಿಂದಿನ ಮೂರು ವರ್ಷಗಳಿಗೂ ಅನ್ವಯಿಸಿತ್ತು. ಹನ್ನೊಂದು ಮಂದಿ ನೌಕರರು ಹಗಲೆಲ್ಲ ಕುಳಿತು ಹಳೆಯ ಕ್ಯಾಮೆರಾ ದೃಶ್ಯಗಳನ್ನು ನೋಡಿ, ಯಾರು ಯಾವಾಗ ಎಷ್ಟು ಸಲ ಬಿದ್ದರೆಂದು ನಮೂದಿಸಿದ್ದರು. ಕೆಲಸ ಮುಗಿದ ಮೇಲೆ ಅವರಲ್ಲಿ ಇಬ್ಬರು ನಡೆಯುವಾಗ ಗೋಡೆ ಹಿಡಿಯತೊಡಗಿದ್ದರು. ಅವರಿಗೆ ವಿಶೇಷ ಭತ್ಯೆ ಮಂಜೂರಾಗಿತ್ತು.

"ಸಿಕ್ತು," ಎಂದರು ಕಿಟಕಿಯ ಮಹಿಳೆ. "ಹನ್ನೆರಡು ಸಲ ಬಂದಿದಾರೆ. ಒಟ್ಟು ಮೂವತ್ತಾರು. ಬಳಸಿರೋದು ಒಂದೇ ಒಂದು, ಅದೂ ಪಕ್ಕದಲ್ಲಿದ್ದ ಗಂಡಸನ್ನ ಹಿಡಿಯೋಕೆ ಹೋಗಿ." ಅವರು ಕಂಪ್ಯೂಟರ್ ಪರದೆಯ ಹತ್ತಿರ ಬಾಗಿದರು. "ಆ ಗಂಡಸು ಅವತ್ತು ಹನ್ನೊಂದು ಸಲ ಬಿದ್ದಿದಾನೆ. ಯಾರು ಅಂತ ಗುರುತು ಸಿಕ್ಕಿಲ್ಲ, ಹುಡುಕ್ತಾ ಇದೀವಿ."

"ಅದು ನಾನೇ," ಎಂದರು ಗಡಿಯಾರದವರು. ಸುಳ್ಳು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ.

"ಸಂತೋಷ. ಹಾಗಿದ್ರೆ ನೀವು ಎಂಟು ಜಾಸ್ತಿ ಬಿದ್ದಿದೀರಿ. ಇವತ್ತಿನ ಮೂರು ಅದಕ್ಕೆ ವಜಾ. ಉಳಿದ ಐದು ತೀರೋವರೆಗೂ ನೀವು ಮಂಜಿನ ಮೇಲೆ ಕಾಲಿಡೋ ಹಾಗಿಲ್ಲ."

"ತೀರಿಸೋದು ಹೇಗೆ?"

"ಬೀಳದೆ ಇರಬೇಕು."

"ಕಾಲೇ ಇಡದೆ, ಬೀಳದೆ ಇರೋದು ಹೇಗೆ?"

"ಮನೇಲೂ ಮಾಡಬಹುದು ಸಾರ್. ಇಬ್ಬರು ಸಾಕ್ಷಿ ಸಹಿ ಹಾಕಿದ್ರೆ ಸಾಕು."

ಗಡಿಯಾರದವರು ಇದನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡರು.

ಚಿಕ್ಕವಳು ಅವರ ಅಂಗಿ ಜಗ್ಗಿದಳು. "ಅಪ್ಪ, ನೀನು ನಿಜವಾಗ್ಲೂ ಹನ್ನೊಂದು ಸಲ ಬಿದ್ಯಾ?"

"ಬಿದ್ದೆ ಕಣಮ್ಮ."

"ಅಮ್ಮ ಏನಂದ್ಳು?"

"ಎಣಿಸ್ತಾ ಇದ್ಲು. ಹನ್ನೆರಡು ಮಾಡ್ಬಿಡಿ, ಡಜನ್ ಆಗ್ಲಿ ಅಂದ್ಲು."

ಪರದೆಯನ್ನು ಸಾರ್ವಜನಿಕರ ಕಡೆಗೆ ತಿರುಗಿಸುವುದನ್ನು ನಿಯಮಾವಳಿಯ ಒಂಬತ್ತನೇ ಕಲಮು ನಿಷೇಧಿಸುತ್ತದೆ. ಕಿಟಕಿಯ ಮಹಿಳೆ ಪರದೆಯನ್ನು ತಿರುಗಿಸಿದರು. ಹಳದಿ ಸ್ವೆಟರು ತೊಟ್ಟ ಹೆಂಗಸೊಬ್ಬಳು ಹಿಮ್ಮುಖವಾಗಿ ಜಾರುತ್ತಾ, ಎದುರಿಗೆ ಬಿದ್ದಿದ್ದ ಯಾರಿಗೋ ಚಪ್ಪಾಳೆ ತಟ್ಟುತ್ತಿದ್ದಳು. ಶಬ್ದವಿರಲಿಲ್ಲ. ಕಿಟಕಿಯ ಮಹಿಳೆಯೂ ಸೇರಿ ನಾಲ್ಕು ಮಂದಿಯೂ ನೋಡಿದರು.

"ಮೇಲಿನ ಗುಂಡಿ ಹಾಕ್ಕೊಂಡಿಲ್ಲ ನೋಡಿ," ಎಂದರು ಅಜ್ಜಿ. "ಎಷ್ಟು ಸಲ ಹೇಳಿದೀನಿ."

ಕಿಟಕಿಯ ಮಹಿಳೆ ಪರದೆಯನ್ನು ಮೊದಲಿನಂತೆ ತಿರುಗಿಸಿದರು. "ಮೂವತ್ತೈದು ಉಳಿದಿದೆ. ವಾರಸುದಾರರ ಪ್ರಮಾಣಪತ್ರ ಇದ್ರೆ ಈಗಲೇ ಮಾಡಿಕೊಡ್ತೀನಿ. ಇಲ್ಲಾಂದ್ರೆ ಸೋಮವಾರ ಬನ್ನಿ."

ಸೋಮವಾರ ಅಲ್ಲಿ ಸೋಫಾಗಳಿರುತ್ತವೆ. ಆದರೆ ಗಡಿಯಾರದವರು ಹೆಗಲ ಚೀಲದಿಂದ ಪ್ರಮಾಣಪತ್ರ ತೆಗೆದು ಕೊಟ್ಟರು. ಹದಿನಾಲ್ಕು ತಿಂಗಳಿಂದ ಅದನ್ನು ಅವರು ಎಲ್ಲಿಗೆ ಹೋದರೂ ಒಯ್ಯುತ್ತಿದ್ದರು. ಬ್ಯಾಂಕಿಗೆ, ನೀರಿನ ಕಚೇರಿಗೆ, ಕೊನೆಗೆ ಗ್ರಂಥಾಲಯಕ್ಕೂ ಅದು ಬೇಕಾಗಿತ್ತು. ಒಳ್ಳೆಯ ಕೆಲಸಕ್ಕೆ ಬೇಕಾದದ್ದು ಇದೇ ಮೊದಲು.

"ವಾರಸುದಾರರು ಮೂವರಿದೀರಿ. ಉಳಿದಿಬ್ಬರೂ ಬಿಟ್ಟುಕೊಟ್ರೆ ಪೂರ್ತಿ ಮಗುವಿಗೆ."

ಅಕ್ಕನನ್ನು ಕರೆಸಲಾಯಿತು. ಅವಳು ಬ್ಲೇಡಿನ ಬೂಟಿನಲ್ಲೇ ರಬ್ಬರು ಹಾಸಿನ ಮೇಲೆ ಟಕಟಕ ಬಂದು ವಿಷಯ ಕೇಳಿಕೊಂಡಳು. "ಪೂರ್ತಿ ಅವಳೇ ಇಟ್ಕೊಳ್ಲಿ. ನಾನೇನು ಬೀಳೋಳಲ್ಲ."

"ಅವರಮ್ಮನ ಕೊಬ್ಬು ಒಂದು ತೊಲ ಕಮ್ಮಿ ಆಗದ ಹಾಗೆ ಇವಳಿಗೆ ಬಂದಿದೆ," ಎಂದು ಅಜ್ಜಿ ಸಂತೋಷಪಟ್ಟರು.

ಅರ್ಜಿಯಲ್ಲಿ ಒಂದು ಕಲಮು ಉಳಿಯಿತು: ಮೃತರು ಬೀಳದೇ ಇದ್ದುದಕ್ಕೆ ಕಾರಣ. ಗಡಿಯಾರದವರು "ಚೆನ್ನಾಗಿ ಆಡುತ್ತಿದ್ದರು" ಎಂದು ಬರೆದರು.

"ಇದು ನಡೆಯಲ್ಲ ಸಾರ್. ಪಟ್ಟಿಯಲ್ಲಿರೋದು ಮೂರೇ: ಭಯ, ಅನಾರೋಗ್ಯ, ಸ್ವಭಾವ."

"ಸ್ವಭಾವ ಅಂತ ಹಾಕು ತಾಯಿ," ಎಂದರು ಅಜ್ಜಿ. "ಹಠ. ಬೀಳಲ್ಲ ಅಂದ್ರೆ ಬೀಳಲ್ಲ."

ಸ್ವಭಾವಕ್ಕೆ ಗುರುತು ಬಿತ್ತು. ಒಳಕೋಣೆಯಿಂದ ವ್ಯವಸ್ಥಾಪಕರು ಬಂದು ಮೊಹರು ಒತ್ತಿದರು. ಮೃತರ ಪತನಗಳನ್ನು ಜೀವಂತರು ಬಳಸುವಾಗ, ಲೆಕ್ಕ ತಪ್ಪದಿರಲೆಂದು, ಪ್ರತಿ ಸಲವೂ ಧ್ವನಿವರ್ಧಕದಲ್ಲಿ ಘೋಷಿಸಬೇಕೆಂದು ಷರತ್ತು ಬರೆದರು. ಪತನವಾದ ಜಾಗವನ್ನು ಟೇಪು ಹಿಡಿದು ಅಳೆದು ನಮೂದಿಸಬೇಕೆಂದೂ ಸೇರಿಸಿದರು. ಇದು ಏಕೆಂದು ಅವರಿಗೂ ತಿಳಿದಿರಲಿಲ್ಲ, ಆದರೆ ಷರತ್ತು ಒಂದೇ ಇದ್ದರೆ ಆದೇಶ ಬೋಳಾಗಿ ಕಾಣುತ್ತದೆ.

ಆಗ ಮೂರು ಗಂಟೆ ಮೂವತ್ತೆರಡು ನಿಮಿಷ. ಚಿಕ್ಕವಳು ಮತ್ತೆ ಇಳಿದಳು. ಗಡಿಯಾರದವರು, ಐದು ಪತನಗಳ ಸಾಲ ಹೊತ್ತವರು, ಗೋಡೆಯ ಈಚೆಗೆ ನಿಂತರು. ಅವಳು ಒಂದು ಹೆಜ್ಜೆ ಹಾಕಿ ಬಿದ್ದಳು.

"ಹಸಿರು ಟೋಪಿ," ಎಂದಿತು ಧ್ವನಿವರ್ಧಕ. "ತಾಯಿಯ ಖಾತೆಯಿಂದ, ಒಂದು."

ಅಂಗಣದಲ್ಲಿದ್ದವರೆಲ್ಲ ಒಂದು ಕ್ಷಣ ನಿಂತು ನೋಡಿದರು. ನಿಂತ ರಭಸಕ್ಕೆ ಏಳು ಮಂದಿ ಬಿದ್ದರು, ಅದೂ ಲೆಕ್ಕಕ್ಕೆ ಹೋಯಿತು. ಇಬ್ಬರು ನೌಕರರು ಟೇಪು ಹಿಡಿದು ಓಡಿ ಬಂದರು. ಗೋಡೆಯಿಂದ ಒಂದು ಅಡಿ.

"ತಾಯಿಯ ಖಾತೆಯಿಂದ, ಎರಡು." ಒಂದು ಅಡಿ.

ಮೂರನೆಯದಕ್ಕೆ ಯಾರೂ ನಿಲ್ಲಲಿಲ್ಲ. ನಾಲ್ಕನೆಯದರ ಹೊತ್ತಿಗೆ ಅದು ರೈಲು ನಿಲ್ದಾಣದ ಪ್ರಕಟಣೆಯಷ್ಟೇ ಸಹಜವಾಗಿತ್ತು. ಐದನೆಯದಾದ ಮೇಲೆ ಚಿಕ್ಕವಳು ಕುಳಿತಲ್ಲಿಂದಲೇ ಕೂಗಿದಳು:

"ಅಪ್ಪ, ಅಮ್ಮಂದು ಇನ್ನೂ ಎಷ್ಟಿದೆ?"

"ಮೂವತ್ತು."

"ಹಾಗಾದ್ರೆ ಗೋಡೆ ಬಿಡ್ತೀನಿ," ಎಂದು ಎದ್ದು ಗೋಡೆಯ ಮೇಲಿದ್ದ ಕೈ ತೆಗೆದಳು.

ಅಷ್ಟರಲ್ಲಿ ನಾಲ್ಕನೇ ಕಿಟಕಿಯ ಮುಂದೆ ಸಾಲು ಬೆಳೆದಿತ್ತು. ಒಬ್ಬರು ದೊಡ್ಡಪ್ಪನ ಪತನಗಳನ್ನು ಕೇಳಲು ಬಂದಿದ್ದರು, ಮತ್ತೊಬ್ಬರು ಸೋದರತ್ತೆಯದನ್ನು. ಮೂರನೆಯವರ ತಾತ ಬದುಕಿರುವ ತನಕ ಮಂಜುಗಡ್ಡೆಯನ್ನೇ ಕಂಡವರಲ್ಲ. ಅಂಥವರು ಬಿದ್ದಿರಲು ಸಾಧ್ಯವೇ ಇಲ್ಲವಾದ್ದರಿಂದ ಅವರದು ಪೂರ್ತಿ ಉಳಿದಿರಲೇಬೇಕೆಂದು ಅವರು ವಾದಿಸಿದರು. ವ್ಯವಸ್ಥಾಪಕರು ವಾದದಲ್ಲಿ ಹುರುಳಿದೆಯೆಂದು ಒಪ್ಪಿ, ಮಂಜು ಕಾಣದೆ ತೀರಿಕೊಂಡವರ ಅರ್ಜಿಗಳಿಗಾಗಿ ಐದನೇ ಕಿಟಕಿಯನ್ನು ತೆರೆಸಿದರು. ಉಣ್ಣೆ ಟೋಪಿಯವನು ವ್ಯಾಪಾರ ಬಿಟ್ಟು ಅರ್ಜಿ ಬರೆದುಕೊಡಲು ಕುಳಿತ. ಸಾಲಿನಲ್ಲಿದ್ದವರು ತಮ್ಮ ತಮ್ಮ ಹಿರಿಯರು ಎಷ್ಟು ಕಡಿಮೆ ಬಿದ್ದಿದ್ದರೆಂದು ಒಬ್ಬರಿಗೊಬ್ಬರು ಹೆಮ್ಮೆಯಿಂದ ಹೇಳಿಕೊಂಡರು.

ನಾಲ್ಕು ಗಂಟೆಗೆ ಅಂಗಣ ಮುಚ್ಚುವ ಗಂಟೆ ಹೊಡೆಯಿತು. ಎಣಿಕೆ ಅಧಿಕಾರಿ ಪುಸ್ತಕ ಮುಚ್ಚುವ ಮೊದಲು ಕೊನೆಯ ಸಾಲನ್ನು ತುಂಬಿದರು. ತಾಯಿಯ ಖಾತೆಯಿಂದ ಹಸಿರು ಟೋಪಿಯ ಹದಿನಾಲ್ಕನೆಯ ಪತನ ಗೋಡೆಯಿಂದ ಇಪ್ಪತ್ತಮೂರು ಅಡಿ ದೂರದಲ್ಲಿ ಆಗಿತ್ತು.